ಕಣ್ಣಿಗೆ ಕಾಲು ಬಂದ ಕಥೆ

ಹದಿನಾರರ ಹುಡುಗನೊಬ್ಬ ನಡುಮನೆಯ ಕುರ್ಚಿಯಲ್ಲಿ ಕುಳಿತಿದ್ದಾನೆ. ಎದುರಿನ ಪರದೆಯ ಮೇಲೆ ಬಿಳಿಯ ನಗರವೊಂದರ ತಾರಸಿಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿವೆ. ತಾರಸಿಯ ಅಂಚು ಬಂದಿತು; ಕೆಳಗೆ ಬೀದಿಯು ಪಾತಾಳದಂತೆ ಬಾಯ್ದೆರೆಯಿತು. ಹುಡುಗನ ಅಂಗಾಲುಗಳು ತಾವಾಗಿಯೇ ನೆಲವನ್ನು ಒತ್ತಿದವು. ಮೈ ಮುಂದಕ್ಕೆ ಬಾಗಿತು. ಆಟಕ್ಕೆ ಬೇಕಾಗಿದ್ದುದು ಅವನ ಬೆರಳುಗಳ ಚಲನೆ ಮಾತ್ರ! ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ತಂದೆಗೆ ಇದನ್ನು ಕಂಡು ನಗು ಬಂದರೆ ಆಶ್ಚರ್ಯವಿಲ್ಲ. ಆದರೆ ಆ ಅರೆಗಳಿಗೆಯ ನಡುಕವನ್ನು ಹುಟ್ಟಿಸುವುದು ನಗೆಯ ಮಾತಲ್ಲ.

ಆಟದ ಹೆಸರು ‘ಮಿರರ್ಸ್ ಎಜ್’. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಡೈಸ್ ಎಂಬ ಸಂಸ್ಥೆಯು ರಚಿಸಿದ ಇದು 2008ರಲ್ಲಿ ಹೊರಬಂದಿತು. ಕಥಾನಾಯಕಿ ಫೇತ್ ಎಂಬ ತರುಣಿ. ಸರ್ಕಾರದ ಕಣ್ಣು ತಪ್ಪಿಸಿ, ತಾರಸಿಯಿಂದ ತಾರಸಿಗೆ ಹಾರಿ ಗುಟ್ಟಿನ ಓಲೆಗಳನ್ನು ಮುಟ್ಟಿಸುವವಳು. ಓಟದುದ್ದಕ್ಕೂ ಆಡುವವನು ಅವಳ ಕಣ್ಣಿನಿಂದಲೇ ಲೋಕವನ್ನು ನೋಡಬೇಕು.

ಇಂಥ ಆಟಗಳು ಅದಕ್ಕೆ ಮೊದಲೂ ಹೇರಳವಾಗಿದ್ದವು. ಆದರೆ ಅವುಗಳಲ್ಲಿ ನಾಯಕನೆಂದರೆ ಬಂದೂಕು ಹಿಡಿದು ತೇಲುವ ಒಂದು ಕಣ್ಣು, ಅಷ್ಟೆ. ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು 1996ರಲ್ಲಿ ಹೊರತಂದ ‘ಕ್ವೇಕ್’ ಆಟದಲ್ಲಿ ತಲೆ ಬಗ್ಗಿಸಿ ನೋಡಿದರೆ ಕಾಲುಗಳೇ ಇಲ್ಲ! ಅದರ ಅಳತೆಗಳನ್ನು ಲೆಕ್ಕ ಹಾಕಿ ನೋಡುವುದು ಸ್ವಾರಸ್ಯವಾದ ಕೆಲಸ. ಆಟದ ಮಾನದಲ್ಲಿ ನಾಯಕನ ಎತ್ತರ 56, ಓಟದ ಮಿತಿ ಸೆಕೆಂಡಿಗೆ 320, ಗುರುತ್ವ 800. ಆ 56 ಅನ್ನು ಐದೂವರೆ ಅಡಿಯ ಆಳೆಂದು ಎಣಿಸಿದರೆ, ಮಹಾಶಯನು ಆಯುಧಗಳ ರಾಶಿಯನ್ನು ಹೊತ್ತುಕೊಂಡೇ 100 ಮೀಟರನ್ನು ಸುಮಾರು ಹತ್ತೂವರೆ ಸೆಕೆಂಡಿನಲ್ಲಿ ಮುಗಿಸುತ್ತಾನೆ. ನಿಂತಲ್ಲಿಂದ ನಾಲ್ಕು ಅಡಿಗೂ ಮಿಗಿಲಾಗಿ ನೆಗೆಯುತ್ತಾನೆ. ಅವನನ್ನು ಕೆಳಕ್ಕೆ ಸೆಳೆಯುವ ಬಲವೋ, ಭೂಮಿಯದಕ್ಕಿಂತ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಭೂಮಿಯ ಗುರುತ್ವವನ್ನೇ ಇಟ್ಟಿದ್ದರೆ ಅಷ್ಟು ಎತ್ತರದ ನೆಗೆತಕ್ಕೆ ಒಂದು ಸೆಕೆಂಡಿಗೂ ಹೆಚ್ಚು ಕಾಲ ಅಂತರಿಕ್ಷದಲ್ಲಿ ಇರಬೇಕಾಗುತ್ತಿತ್ತು. ಆಡುವವನಿಗೆ ತಾನೊಂದು ಬಲೂನು ಎನಿಸುತ್ತಿತ್ತು. ನಿಜವಾದ ಅಂಕಿಯು ಸುಳ್ಳಾಗಿ ತೋರುವ ವಿಚಿತ್ರ ಇದು.

ಹಾಗಾದರೆ ದೇಹವನ್ನೇ ಇದ್ದಂತೆ ನಿರ್ಮಿಸಿದರೆ? ಅದನ್ನೂ ಮಾಡಿ ನೋಡಿದವರುಂಟು. 1998ರಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರಗಳ ಹಿನ್ನೆಲೆಯಲ್ಲಿ ‘ಟ್ರೆಸ್‌ಪಾಸರ್’ ಎಂಬ ಆಟ ಬಂದಿತು. ಅದರಲ್ಲಿ ವಸ್ತುಗಳೆಲ್ಲ ಭೌತಶಾಸ್ತ್ರದ ನಿಯಮಕ್ಕೆ ಒಳಪಟ್ಟು ಉರುಳಬೇಕು, ಬೀಳಬೇಕು. ನಾಯಕಿಯ ತೋಳನ್ನು ಆಡುವವನೇ ಮೌಸ್ ಹಿಡಿದು ಚಾಚಬೇಕು, ಹೊರಳಿಸಬೇಕು. ಪ್ರಾಣಶಕ್ತಿ ಎಷ್ಟು ಉಳಿದಿದೆ ಎಂಬುದನ್ನು ತಿಳಿಯಲು ಎದೆಯ ಮೇಲಿನ ಹಚ್ಚೆಯನ್ನು ಬಗ್ಗಿ ನೋಡಬೇಕು. ಎಂತಹ ಸಾಹಸ! ಆದರೆ ಆ ತೋಳು ಮುರಿದ ಬೊಂಬೆಯ ತೋಳಿನಂತೆ ತಿರುಚಿಕೊಂಡಿತು, ಪೆಟ್ಟಿಗೆ ಎತ್ತಲು ಹೋದರೆ ಪೆಟ್ಟಿಗೆ ಜಾರಿತು, ಆಟ ಸೋತಿತು. ಕಾರಣ ಸರಳವಾದುದು. ನೀರಿನ ಲೋಟವನ್ನು ಎತ್ತುವವನು ಮೊಣಕೈಗೆ ಆಜ್ಞೆ ಮಾಡುವುದಿಲ್ಲ. ಬಾಯಾರಿಕೆಯಾಯಿತು, ಕೈ ತಾನೇ ಹೋಯಿತು. ತೋಳನ್ನು ನೆನೆದು ನೆನೆದು ನಡೆಸಬೇಕಾಗಿ ಬಂದಾಗ ಅದು ಪರರ ತೋಳಾಯಿತು.

‘ಮಿರರ್ಸ್ ಎಜ್’ ಹಿಡಿದ ದಾರಿ ಇದಕ್ಕೆ ವಿರುದ್ಧವಾದುದು. ಕೈಕಾಲುಗಳು ಕಾಣುತ್ತವೆ, ಆದರೆ ಹತ್ತುವುದು, ನೆಗೆಯುವುದು ಮೊದಲಾದ ಮೇಲ್ಮುಖದ ಕ್ರಿಯೆಗಳಿಗೆಲ್ಲ ಒಂದೇ ಗುಂಡಿ, ಬಾಗುವುದು, ಜಾರುವುದು, ಉರುಳುವುದಕ್ಕೆ ಇನ್ನೊಂದು. ಇಚ್ಛೆ ಆಡುವವನದು, ಮೊಣಕೈ ಫೇತಳದು. ಓಟವು ಒಮ್ಮೆಲೇ ವೇಗಕ್ಕೆ ಬರುವುದಿಲ್ಲ. ಹೆಜ್ಜೆ ಹೆಜ್ಜೆಗೂ ಕೂಡಿಬರಬೇಕು, ಎಡವಿದರೆ ಗಳಿಸಿದ್ದೆಲ್ಲ ಹೋಯಿತು. ಉಸಿರು ಏರುತ್ತದೆ, ಕಿವಿಯಲ್ಲಿ ಗಾಳಿ ಮೊರೆಯುತ್ತದೆ. ಎತ್ತರದಿಂದ ಬಿದ್ದಾಗ ಸರಿಯಾದ ಕ್ಷಣದಲ್ಲಿ ಗುಂಡಿ ಒತ್ತಿದರೆ ಲೋಕವೆಲ್ಲ ಒಂದು ಸುತ್ತು ಉರುಳಿ ಮತ್ತೆ ನೆಟ್ಟಗಾಗುತ್ತದೆ. ತಮಾಷೆಯೆಂದರೆ, ಕುತೂಹಲಿಗಳು ಕೆಲವರು ಉಪಾಯದಿಂದ ಫೇತಳನ್ನು ಹೊರಗಿನಿಂದ ನೋಡಿದಾಗ ಆ ಅಂದದ ಓಟ ಸೊಟ್ಟಸೊಟ್ಟಾಗಿ ಕಂಡಿತು. ಒಳಗಿನ ಕಣ್ಣೊಂದಕ್ಕಾಗಿಯೇ ಹೊಲಿದ ಉಡುಪು ಅದು!

ಇಷ್ಟಾದ ಮೇಲೂ ಒಂದು ಶತ್ರು ಉಳಿಯಿತು: ಓಕರಿಕೆ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ತಲೆಯು ತಿರುಗಿದುದನ್ನು ಮಿದುಳಿಗೆ ತಿಳಿಸುವುದು ಅವುಗಳ ಕೆಲಸ. ಕಣ್ಣು ‘ಓಡುತ್ತಿದ್ದೇನೆ’ ಎನ್ನುತ್ತದೆ. ಕಿವಿ ‘ಕುಳಿತಿದ್ದೇನೆ’ ಎನ್ನುತ್ತದೆ. ಈ ವ್ಯಾಜ್ಯದ ದಂಡವನ್ನು ತೆರಬೇಕಾದುದು ಹೊಟ್ಟೆ. ಹೆಜ್ಜೆಗೊಮ್ಮೆ ದೃಶ್ಯವನ್ನು ಕುಲುಕಿದರೆ ನಡಿಗೆ ನಿಜವಾದೀತು ಎಂಬುದು ಹಳೆಯ ನಂಬಿಕೆ. ಆದರೆ ನಡೆಯುವವನ ತಲೆ ಕುಲುಕಿದರೂ ಲೋಕ ಕುಲುಕುವುದಿಲ್ಲ. ಕಣ್ಣುಗುಡ್ಡೆಗಳು ಅದಕ್ಕೆ ಪ್ರತಿಯಾಗಿ ಹೊರಳಿ ನೋಟವನ್ನು ನಿಲ್ಲಿಸುತ್ತವೆ. ತಲೆಗೆ ಸತ್ಯವಾದುದು ಕಣ್ಣಿಗೆ ಸುಳ್ಳು. ಸ್ಟಾಕ್‌ಹೋಮಿನವರು ಪರದೆಯ ನಟ್ಟನಡುವೆ ಒಂದು ಚಿಕ್ಕ ಚುಕ್ಕೆಯನ್ನು ಇಟ್ಟರು. ಕಥಕ್ ನರ್ತಕಿಯು ಗಿರಗಿರನೆ ಸುತ್ತುವಾಗ ಒಂದೇ ಬಿಂದುವಿನಲ್ಲಿ ದೃಷ್ಟಿ ನೆಟ್ಟು ತಲೆಸುತ್ತನ್ನು ಗೆಲ್ಲುವಂತೆ, ಓಡುವ ಕಣ್ಣಿಗೆ ಆ ಚುಕ್ಕೆಯೇ ಊರುಗೋಲಾಯಿತು.

ಇನ್ನೊಂದು ಉಪಕಾರದ ಸುಳ್ಳೂ ಉಂಟು. ಇಂದಿನ ಅನೇಕ ಆಟಗಳಲ್ಲಿ ಅಂಚನ್ನು ದಾಟಿ ಕಾಲಡಿಯಲ್ಲಿ ಏನೂ ಇಲ್ಲದಾದ ಮೇಲೂ ಸೆಕೆಂಡಿನ ಒಂದು ಸಣ್ಣ ಅಂಶದಷ್ಟು ಹೊತ್ತು ನೆಗೆಯಲು ಅವಕಾಶವಿರುತ್ತದೆ. ‘ಕಯೋಟಿ ಟೈಮ್’ ಎಂದು ಇದರ ಹೆಸರು. ವ್ಯಂಗ್ಯಚಿತ್ರಗಳಲ್ಲಿ ಬಂಡೆಯಿಂದಾಚೆ ಓಡಿಯೂ, ಕೆಳಗೆ ನೋಡುವವರೆಗೆ ಬೀಳದ ಆ ತೋಳನ ನೆನಪು. ಈ ರಿಯಾಯಿತಿ ಇಲ್ಲದಿದ್ದರೆ ‘ನಾನು ಒತ್ತಿದ್ದೆ, ಆಟವೇ ಮೋಸ ಮಾಡಿತು’ ಎಂದು ಆಡುವವನು ಸಿಡುಕುತ್ತಾನೆ.

ಹುಡುಗನ ತಂದೆ ಈಗ ಪತ್ರಿಕೆಯನ್ನು ಮಡಿಸಿಟ್ಟು ಪರದೆಯತ್ತ ನೋಡತೊಡಗಿದ್ದಾರೆ. ಮೂರು ತಾರಸಿ ದಾಟುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತು. ಮಗನಿಗೆ ಏನೂ ಆಗಿಲ್ಲ. ಘಟ್ಟದ ತಿರುವುಗಳಲ್ಲಿ ಬಸ್ಸಿನ ಚಾಲಕನು ನಿಶ್ಚಿಂತನಾಗಿರುವಾಗ ಹಿಂದಿನ ಆಸನದವನು ಕಿಟಕಿ ಹುಡುಕುವುದಿಲ್ಲವೆ? ತಿರುವು ಬರುವುದು ಚಾಲಕನಿಗೆ ಮೊದಲೇ ಗೊತ್ತು. “ಅಪ್ಪಾ, ಆ ನಡುವಿನ ಚುಕ್ಕೆ ನೋಡಿ,” ಎಂದ ಹುಡುಗ, ತಲೆ ತಿರುಗಿಸದೆ. ತಂದೆ ಆಗಲೇ ಎದ್ದು ಒಂದು ಲೋಟ ನೀರಿಗಾಗಿ ಅಡಿಗೆಮನೆಯ ಕಡೆ ಹೊರಟಿದ್ದರು.