ಮಾದರಿ ವಿಮಾನಗಳ ಇಸ್ತ್ರಿ ಹೊದಿಕೆ

ಇಸ್ತ್ರಿ ಹೊದಿಕೆ ಎಂಬುದು ಮಾದರಿ ವಿಮಾನಗಳ ಮರದ ಚೌಕಟ್ಟಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಶಾಖದ ನೆರವಿನಿಂದ ಅಂಟಿಸಿ ಬಿಗಿಗೊಳಿಸುವ ವಿಧಾನ. ಹಾಳೆಯ ಒಂದು ಬದಿಯಲ್ಲಿ ಬಿಸಿಗೆ ಕರಗುವ ಅಂಟಿನ ಲೇಪವಿರುತ್ತದೆ. ಚಿಕ್ಕ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದಾಗ ಹಾಳೆಯು ಮರಕ್ಕೆ ಅಂಟಿಕೊಳ್ಳುತ್ತದೆ. ಇನ್ನೂ ಹೆಚ್ಚಿನ ಶಾಖ ತಗುಲಿದಾಗ ಸಂಕುಚಿಸಿ ಸುಕ್ಕಿಲ್ಲದಂತೆ ಬಿಗಿಯಾಗುತ್ತದೆ. ಹೊದಿಕೆಯು ವಿಮಾನಕ್ಕೆ ಬಣ್ಣವನ್ನು ಮಾತ್ರ ಕೊಡುವುದಲ್ಲ. ಗಾಳಿಯನ್ನು ಎದುರಿಸುವ ಮೇಲ್ಮೈ ಅದೇ ಆಗಿರುವುದರಿಂದ ರೆಕ್ಕೆಯ ಆಕಾರ, ತೂಕ ಹಾಗೂ ಹಾರಾಟದ ಸ್ಥಿರತೆಗಳು ಅದನ್ನು ಅವಲಂಬಿಸಿವೆ.

ಹಿನ್ನೆಲೆ

ಮೊದಲಿನ ಮಾದರಿ ವಿಮಾನಗಳಿಗೆ ತೆಳು ಕಾಗದ ಅಥವಾ ರೇಷ್ಮೆ ಬಟ್ಟೆಯನ್ನು ಹೊದಿಸಿ, ಅದರ ಮೇಲೆ ಡೋಪ್ ಎಂಬ ಸೆಲ್ಯುಲೋಸ್ ಆಧಾರಿತ ದ್ರಾವಣವನ್ನು ಹಲವು ಬಾರಿ ಬಳಿಯಲಾಗುತ್ತಿತ್ತು. ದ್ರಾವಣವು ಒಣಗುತ್ತಾ ಬಟ್ಟೆಯನ್ನು ಬಿಗಿಗೊಳಿಸುತ್ತಿತ್ತು. ಈ ಕೆಲಸಕ್ಕೆ ಹಲವು ದಿನಗಳು ಬೇಕಾಗುತ್ತಿದ್ದವು. ದ್ರಾವಣದ ವಾಸನೆ ತೀಕ್ಷ್ಣವಾಗಿದ್ದು, ನೈಟ್ರೋಸೆಲ್ಯುಲೋಸ್ ಬಗೆಯದು ಬೆಂಕಿಗೆ ಸುಲಭವಾಗಿ ತುತ್ತಾಗುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಟಾಪ್ ಫ್ಲೈಟ್ ಸಂಸ್ಥೆಯ ಮೊನೊಕೋಟ್ ಬಳಕೆಗೆ ಬಂದ ನಂತರ ಅಂಟು, ಬಣ್ಣ ಮತ್ತು ಹೊಳಪು ಒಂದೇ ಹಾಳೆಯಲ್ಲಿ ದೊರೆಯುವಂತಾಯಿತು. ಬ್ರಿಟನ್ನಿನ ಸೋಲಾರ್‌ಫಿಲ್ಮ್ ಮತ್ತು ಜರ್ಮನಿಯ ಓರಾಕವರ್ ಈ ಬಗೆಯ ಇತರ ಪ್ರಸಿದ್ಧ ಹಾಳೆಗಳು. ಹಗುರವಾದ ಚಿಕ್ಕ ಮಾದರಿಗಳಿಗೆ ಕಾಗದ ಮತ್ತು ಡೋಪ್ ಇಂದಿಗೂ ಬಳಕೆಯಲ್ಲಿವೆ.

ಹಾಳೆಯ ರಚನೆ

ಹೆಚ್ಚಿನ ಹಾಳೆಗಳು ಪಾಲಿಯೆಸ್ಟರ್‌ನಿಂದಲೂ ಕೆಲವು ಪಾಲಿಪ್ರೊಪಿಲೀನ್‌ನಿಂದಲೂ ತಯಾರಾಗುತ್ತವೆ. ತಯಾರಿಕೆಯ ಹಂತದಲ್ಲಿ ಹಾಳೆಯನ್ನು ಉದ್ದಕ್ಕೂ ಅಗಲಕ್ಕೂ ಹಿಗ್ಗಿಸಿ, ಅದೇ ಸ್ಥಿತಿಯಲ್ಲಿ ತಣಿಸಲಾಗುತ್ತದೆ. ಮತ್ತೆ ಬಿಸಿ ತಗುಲಿದಾಗ ಅದು ಮೊದಲಿನ ಅಳತೆಯತ್ತ ಮರಳಲು ಯತ್ನಿಸುತ್ತದೆ. ಸಂಕುಚನಕ್ಕೆ ಕಾರಣ ಇದೇ.

ಪಾಲಿಯೆಸ್ಟರ್ ಹಾಳೆಗಳ ಅಂಟು ಸಾಮಾನ್ಯವಾಗಿ 100ರಿಂದ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಡಿಯುತ್ತದೆ. ಪೂರ್ಣ ಸಂಕುಚನಕ್ಕೆ 150 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಶಾಖ ಬೇಕಾಗುತ್ತದೆ. ಈ ಎರಡು ಉಷ್ಣತೆಗಳ ನಡುವಿನ ಅಂತರವೇ ಇಡೀ ವಿಧಾನದ ಆಧಾರ. ಮೊದಲು ಕಡಿಮೆ ಶಾಖದಲ್ಲಿ ಅಂಚುಗಳನ್ನು ಭದ್ರಪಡಿಸಿದರೆ ಮಾತ್ರ ನಂತರದ ಸಂಕುಚನವು ಹಾಳೆಯನ್ನು ಬಿಗಿಗೊಳಿಸುತ್ತದೆ. ಇಲ್ಲವಾದರೆ ಅಂಚು ಬಿಟ್ಟುಕೊಂಡು ಬರುತ್ತದೆ. ಪ್ರತಿಯೊಂದು ಹಾಳೆಗೂ ಉಷ್ಣತೆ ಬೇರೆಯಾದುದರಿಂದ ತಯಾರಕರ ಸೂಚನೆಯನ್ನು ಅನುಸರಿಸಿ, ಚೂರೊಂದರ ಮೇಲೆ ಪರೀಕ್ಷಿಸುವುದು ರೂಢಿ. ಥರ್ಮೋಕೋಲ್ ರೆಕ್ಕೆಗಳು 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಕುಸಿಯುವುದರಿಂದ ಅವುಗಳಿಗೆ ಕಡಿಮೆ ಶಾಖದ ಹಾಳೆಗಳು ಬೇಕು.

ಸಿದ್ಧತೆ

ಹಾಳೆಯು ಬಣ್ಣದಂತೆ ತಗ್ಗುಗಳನ್ನು ತುಂಬುವುದಿಲ್ಲ. ಮರದ ಮೇಲಿನ ಪ್ರತಿ ಗೀರು, ಅಂಟಿನ ಗಂಟು ಮತ್ತು ಧೂಳಿನ ಕಣ ಹೊದಿಕೆಯ ಮೇಲೂ ಎದ್ದು ಕಾಣುತ್ತದೆ. ಆದ್ದರಿಂದ ಬಾಲ್ಸಾ ಮರದ ತಗ್ಗುಗಳನ್ನು ಹಗುರವಾದ ಪುಟ್ಟಿಯಿಂದ ತುಂಬಿ, ನಯವಾದ ಮರಳುಕಾಗದದಿಂದ ಉಜ್ಜಿ, ಧೂಳನ್ನು ಸಂಪೂರ್ಣವಾಗಿ ಒರೆಸಲಾಗುತ್ತದೆ. ಧೂಳು ಉಳಿದಲ್ಲಿ ಅಂಟು ಮರವನ್ನು ಹಿಡಿಯದೆ ಧೂಳನ್ನೇ ಹಿಡಿಯುತ್ತದೆ. ರೆಕ್ಕೆಯೊಳಗಿನ ರಿಬ್‌ಗಳಲ್ಲಿ ಚಿಕ್ಕ ರಂಧ್ರಗಳಿರಬೇಕು. ಗಾಳಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಬಿಸಿಯಾದಾಗ ಅದು ಹಿಗ್ಗಿ ಹೊದಿಕೆಯನ್ನು ಬಲೂನಿನಂತೆ ಉಬ್ಬಿಸುತ್ತದೆ.

ಹೊದಿಸುವ ಕ್ರಮ

ಹೆಂಚಿನ ಮಾಡಿನಲ್ಲಿ ಕೆಳಗಿನ ಸಾಲನ್ನು ಮೊದಲು ಹೊದಿಸಿ ಮೇಲಿನ ಸಾಲನ್ನು ಅದರ ಮೇಲೆ ಚಾಚುವಂತೆ ಇಡುವ ಕ್ರಮ ಇಲ್ಲಿಯೂ ಅನ್ವಯಿಸುತ್ತದೆ. ಗಾಳಿಯು ಮುಂದಿನಿಂದ ಹಿಂದಕ್ಕೆ ಹರಿಯುವುದರಿಂದ ಹಿಂಬದಿಯ ತುಂಡುಗಳನ್ನು ಮೊದಲು ಅಂಟಿಸಿ, ಮುಂಬದಿಯವು ಅವುಗಳ ಮೇಲೆ ಸುಮಾರು 5 ಮಿಲಿಮೀಟರ್ ಚಾಚುವಂತೆ ಮಾಡಲಾಗುತ್ತದೆ. ರೆಕ್ಕೆಯಲ್ಲಿ ಕೆಳಭಾಗ ಮೊದಲು, ಮೇಲ್ಭಾಗ ನಂತರ. ಗ್ಲೋ ಎಂಜಿನ್‌ನ ಇಂಧನದಲ್ಲಿ ಮೆಥನಾಲ್ ಜೊತೆಗೆ ಹರಳೆಣ್ಣೆಯಂಥ ತೈಲವೂ ಇರುತ್ತದೆ. ಹೊಗೆಯೊಡನೆ ಬರುವ ಈ ಜಿಡ್ಡು ಮುಂದಕ್ಕೆ ತೆರೆದುಕೊಂಡ ಜೋಡಣೆಯೊಳಗೆ ಸೇರಿದರೆ ಅಂಟು ಸಡಿಲವಾಗುತ್ತದೆ. ತಿಳಿಬಣ್ಣದ ಹಾಳೆಯ ಅಡಿಯಲ್ಲಿ ಗಾಢ ಬಣ್ಣ ಇಣುಕುವುದರಿಂದ ಜೋಡಣೆಯಲ್ಲಿ ಗಾಢ ಬಣ್ಣವು ಮೇಲಿರುವುದು ಒಳ್ಳೆಯದು.

ಪ್ರತಿ ತುಂಡನ್ನು ಎಲ್ಲ ಬದಿಗಳಲ್ಲಿ 2ರಿಂದ 3 ಸೆಂಟಿಮೀಟರ್ ಹೆಚ್ಚಾಗಿ ಕತ್ತರಿಸಿ, ಹಿಂಬದಿಯ ರಕ್ಷಣಾ ಪೊರೆಯನ್ನು ಸುಲಿಯಲಾಗುತ್ತದೆ. ಮೊದಲು ರೆಕ್ಕೆಯ ಬುಡದಲ್ಲಿ, ನಂತರ ಹಾಳೆಯನ್ನು ಎಳೆದು ತುದಿಯಲ್ಲಿ, ಬಳಿಕ ಮುನ್ನಂಚು ಹಾಗೂ ಹಿನ್ನಂಚುಗಳ ನಡುಭಾಗದಲ್ಲಿ ಇಸ್ತ್ರಿಯ ತುದಿಯಿಂದ ಅಂಟಿಸಲಾಗುತ್ತದೆ. ಅಲ್ಲಿಂದ ಮುಂದೆ ಮದ್ದಳೆಯ ಬಾರುಗಳನ್ನು ಬಿಗಿಯುವಂತೆ ಎದುರುಬದುರಾಗಿ ಸಾಗಬೇಕು. ಒಂದೇ ಅಂಚನ್ನು ಪೂರ್ತಿ ಅಂಟಿಸಿ ನಂತರ ಇನ್ನೊಂದಕ್ಕೆ ಹೋದರೆ ಓರೆ ಸುಕ್ಕುಗಳು ಉಳಿಯುತ್ತವೆ. ಅಂಚುಗಳೆಲ್ಲ ಹಿಡಿದ ಮೇಲೆ ಹೆಚ್ಚುವರಿ ಭಾಗವನ್ನು ಹೊಸ ಅಲಗಿನಿಂದ ಕತ್ತರಿಸಿ, ತುದಿಯನ್ನು ಮಡಚಿ ಅಂಟಿಸಲಾಗುತ್ತದೆ. ಕೆಳಮೈ ಒಳಬಾಗಿರುವ ರೆಕ್ಕೆಗಳಲ್ಲಿ ಹಾಳೆಯನ್ನು ಪ್ರತಿ ರಿಬ್‌ಗೂ ಮೊದಲೇ ಅಂಟಿಸಬೇಕು. ಇಲ್ಲವಾದರೆ ಸಂಕುಚನದ ಸೆಳೆತಕ್ಕೆ ಅದು ರಿಬ್‌ಗಳಿಂದ ಬಿಟ್ಟುಕೊಂಡು ರೆಕ್ಕೆಯ ಆಕಾರವೇ ಬದಲಾಗುತ್ತದೆ.

ಕೊನೆಗೆ ಇಸ್ತ್ರಿಯ ಶಾಖವನ್ನು ಹೆಚ್ಚಿಸಿ ಅಥವಾ ಹೀಟ್ ಗನ್ ಎಂಬ ಬಿಸಿಗಾಳಿ ಯಂತ್ರದಿಂದ ತೆರೆದ ಭಾಗಗಳನ್ನು ಬಿಗಿಗೊಳಿಸಲಾಗುತ್ತದೆ. ಬಿಸಿಗಾಳಿಯನ್ನು ಒಂದೆಡೆ ನಿಲ್ಲಿಸದೆ ಚಲಿಸುತ್ತಿರಬೇಕು; ಅತಿಯಾದ ಶಾಖಕ್ಕೆ ಹಾಳೆ ತೂತಾಗುತ್ತದೆ. ಗಟ್ಟಿ ಮರದ ಹಲಗೆಯ ಮೇಲೆ ಹೊದಿಸುವಾಗ ನಡುವಿನಿಂದ ಹೊರಕ್ಕೆ ಇಸ್ತ್ರಿ ಮಾಡಿದರೆ ಗಾಳಿಗುಳ್ಳೆಗಳು ಕಡಿಮೆಯಾಗುತ್ತವೆ. ಉಳಿದವುಗಳನ್ನು ಸೂಜಿಯಿಂದ ಚುಚ್ಚಿ ಒತ್ತಲಾಗುತ್ತದೆ.

ತಿರುಚುವಿಕೆ

ಹೊದಿಕೆಯ ಸೆಳೆತ ಎರಡೂ ಬದಿಗಳಲ್ಲಿ ಸಮವಾಗಿರದಿದ್ದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಒಂದು ರೆಕ್ಕೆಯ ತುದಿಯಲ್ಲಿ ಹಿನ್ನಂಚು ಕೆಳಗಿಳಿದರೆ ಆ ತುದಿಯು ಗಾಳಿಯನ್ನು ಹೆಚ್ಚಿನ ಕೋನದಲ್ಲಿ ಎದುರಿಸುತ್ತದೆ. ವೇಗವಾಗಿ ಹಾರುವಾಗ ಇದು ಒಂದು ಬದಿಗೆ ವಾಲುವಿಕೆಯಾಗಿ ಕಾಣಿಸಬಹುದು. ಇಳಿಯುವ ಹೊತ್ತಿಗೆ ವೇಗ ತಗ್ಗಿದಾಗ ಆ ತುದಿಯೇ ಮೊದಲು ಎತ್ತುಬಲವನ್ನು ಕಳೆದುಕೊಂಡು, ವಿಮಾನವು ನೆಲದ ಸಮೀಪದಲ್ಲೇ ಥಟ್ಟನೆ ಮಗುಚಬಹುದು. ಹೀಗಾಗಿ ಹೊದಿಕೆ ಮುಗಿದ ರೆಕ್ಕೆಯನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು ಹಾಗೂ ಹಿಂದಿನಿಂದ ದಿಟ್ಟಿಸಿ ಪರೀಕ್ಷಿಸಲಾಗುತ್ತದೆ. ತಿರುಚು ಕಂಡರೆ ರೆಕ್ಕೆಯನ್ನು ವಿರುದ್ಧ ದಿಕ್ಕಿಗೆ ತುಸು ಹೆಚ್ಚಾಗಿಯೇ ತಿರುವಿ ಹಿಡಿದು, ಎರಡೂ ಬದಿಗಳಿಗೆ ಬಿಸಿ ಕೊಟ್ಟು, ತಣಿಯುವವರೆಗೆ ಬಿಡದೆ ಹಿಡಿಯಬೇಕು. ಸ್ಥಿರತೆಗಾಗಿ ತುದಿಯ ಹಿನ್ನಂಚನ್ನು ಉದ್ದೇಶಪೂರ್ವಕವಾಗಿ ಕೊಂಚ ಮೇಲೆತ್ತಿರುವ ವಿನ್ಯಾಸಗಳಿಗೂ ಇದೇ ಉಪಾಯವನ್ನು ಬಳಸಲಾಗುತ್ತದೆ.

ತೂಕ ಮತ್ತು ಬಲ

ಸಾಮಾನ್ಯ ಪಾಲಿಯೆಸ್ಟರ್ ಹಾಳೆಯ ತೂಕ ಪ್ರತಿ ಚದರ ಮೀಟರಿಗೆ ಸುಮಾರು 60 ಗ್ರಾಂ. ಹಗುರ ಬಗೆಯವು ಅದರ ಅರ್ಧದಷ್ಟಿರುತ್ತವೆ. 1.5 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ರೆಕ್ಕೆಯ ಎರಡೂ ಮೈಗಳ ವಿಸ್ತೀರ್ಣ ಸುಮಾರು 0.75 ಚದರ ಮೀಟರ್. ಅಂದರೆ ಹೊದಿಕೆಯ ತೂಕ 45 ಗ್ರಾಂ. ಬಾಲಕ್ಕೆ ಹೊದಿಸುವಾಗ ಲೆಕ್ಕ ಇನ್ನೂ ಸೂಕ್ಷ್ಮ. ಗುರುತ್ವ ಕೇಂದ್ರದಿಂದ ಬಾಲದ ದೂರವು ಮೂತಿಯ ದೂರದ ಮೂರು ಪಟ್ಟಿದ್ದರೆ, ಬಾಲದಲ್ಲಿ ಸೇರಿದ 1 ಗ್ರಾಂ ಅನ್ನು ಸರಿದೂಗಿಸಲು ಮೂತಿಯಲ್ಲಿ 3 ಗ್ರಾಂ ಸೇರಿಸಬೇಕಾಗುತ್ತದೆ.

ಡೋಪ್ ಬಳಿದ ರೇಷ್ಮೆಯು ರೆಕ್ಕೆಗೆ ನೀಡುತ್ತಿದ್ದಷ್ಟು ತಿರುಚುನಿರೋಧಕ ಬಲವನ್ನು ಪ್ಲಾಸ್ಟಿಕ್ ಹಾಳೆ ನೀಡುವುದಿಲ್ಲ. ರೇಷ್ಮೆಗಾಗಿ ರಚಿಸಿದ ಹಳೆಯ ನಕ್ಷೆಗಳನ್ನು ಅನುಸರಿಸುವವರು ಚೌಕಟ್ಟನ್ನು ಬಲಪಡಿಸಬೇಕಾಗಬಹುದು.

ಅಂಟಿನ ಜೋಡಣೆಗಳು

ಬಾಲದ ಅಡ್ಡ ಫಲಕವನ್ನು ಒಡಲಿಗೆ ಅಂಟಿಸುವ ಜಾಗದಲ್ಲಿ ಮರವು ಬರಿದಾಗಿರಬೇಕು; ಹೊದಿಕೆಯ ಮೇಲೆ ಹಾಕಿದ ಅಂಟು ಹಾಳೆಯನ್ನು ಹಿಡಿಯುತ್ತದೆಯೇ ಹೊರತು ಮರವನ್ನಲ್ಲ. ಆ ಭಾಗದ ಹಾಳೆಯನ್ನು ಚಾಕುವಿನಿಂದ ಕತ್ತರಿಸುವಾಗ ಅಲಗು ಬಾಲ್ಸಾ ಮರಕ್ಕೂ ತಗುಲಿದರೆ, ಅತ್ಯಂತ ಹೆಚ್ಚು ಬಾಗುಬಲ ಬೀಳುವ ರೇಖೆಯಲ್ಲೇ ಗೀರು ಬೀಳುತ್ತದೆ. ಹೊರಗೆ ಕಾಣಿಸದ ಈ ಗೀರಿನಿಂದ ಫಲಕವು ಹಾರಾಟದ ನಡುವೆ ಮುರಿದುಹೋಗಬಲ್ಲದು. ಬೆಸುಗೆ ಹಾಕುವ ಕಾವಿಯ ತೆಳು ತುದಿಯಿಂದ ಹಾಳೆಯನ್ನು ಕರಗಿಸಿ ಕತ್ತರಿಸುವುದು ಇದಕ್ಕೆ ಪರಿಹಾರ.

ನಿರ್ವಹಣೆ

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿಟ್ಟ ವಿಮಾನದ ಹೊದಿಕೆ ಸುಕ್ಕುಗಟ್ಟಬಹುದು. ಗಾಢ ಬಣ್ಣಗಳು ಶಾಖವನ್ನು ಹೆಚ್ಚು ಹೀರುವುದರಿಂದ ಅವುಗಳಲ್ಲಿ ಇದು ಬೇಗ ಕಾಣಿಸುತ್ತದೆ. ಇಸ್ತ್ರಿಯಿಂದ ಮತ್ತೆ ಬಿಗಿಗೊಳಿಸಿದ ಪ್ರತಿ ಬಾರಿಯೂ ತಿರುಚುವಿಕೆಯನ್ನು ಪರೀಕ್ಷಿಸುವುದು ಅಗತ್ಯ. ಚಿಕ್ಕ ಹರಕುಗಳ ಸುತ್ತಲಿನ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ದುಂಡಗೆ ಕತ್ತರಿಸಿದ ತೇಪೆಯನ್ನು ಕಡಿಮೆ ಶಾಖದಲ್ಲಿ ಅಂಟಿಸಲಾಗುತ್ತದೆ. ಮೂಲೆಗಳಿಲ್ಲದ ತೇಪೆಯ ಅಂಚು ಸುಲಭವಾಗಿ ಏಳುವುದಿಲ್ಲ. ಹಳೆಯ ಹೊದಿಕೆಯನ್ನು ತೆಗೆಯುವಾಗ ಬಿಸಿ ಮಾಡುತ್ತಾ ನಿಧಾನವಾಗಿ ಸುಲಿಯಬೇಕು. ಬಣ್ಣವು ಅಂಟಿನ ಪದರದಲ್ಲೇ ಬೆರೆತಿರುವ ಹಾಳೆಗಳಲ್ಲಿ ಅದರ ಭಾಗ ಮರದ ಮೇಲೆಯೇ ಉಳಿಯುವುದುಂಟು.