ಕಡಲ ಮಧ್ಯೆ ಬೋಟ್ ಎಂಜಿನ್ ಕಾದರೆ?

ಸುತ್ತ ನೀರೇ ನೀರು.
ಆದ್ರೂ ಬೋಟ್ ಎಂಜಿನ್
ಕಾದು ಕೆಂಡ ಆಗೋದು ಯಾಕೆ?

ಮಲ್ಪೆ, ಗಂಗೊಳ್ಳಿ ಕಡೆ ದೋಣಿಗಳ ಹಿಂದೆ
ಔಟ್‌ಬೋರ್ಡ್ ಎಂಜಿನ್ ನೋಡಿದ್ದೀರಲ್ಲ?
ಅದಕ್ಕೆ ಕಾರಿನ ಹಾಗೆ ರೇಡಿಯೇಟರ್ ಇಲ್ಲ.
ಕಡಲ ನೀರನ್ನೇ ಹೀರಿ,
ಮೈಯೊಳಗೆ ಸುತ್ತಿಸಿ,
ಹೊರಗೆ ಚೆಲ್ಲುತ್ತೆ.

ಎಂಜಿನ್ನಿಂದ ಸಣ್ಣ ಧಾರೆಯೊಂದು ಚಿಮ್ಮುತ್ತಲ್ಲ,
ಕಣ್ಣು ಅದರ ಮೇಲಿರಲಿ.
ಧಾರೆ ಸೊರಗಿತಾ? ನಿಂತೇಹೋಯ್ತಾ?
ತಕ್ಷಣ ಎಂಜಿನ್ ಆಫ್ ಮಾಡಿ.
ದಡ ಹತ್ರಾನೇ ಇದೆ ಅಂತ ಓಡಿಸಲೇಬೇಡಿ.

ಎಂಜಿನ್ ಮೇಲೆತ್ತಿ.
ನೀರು ಹೀರೋ ಜಾಲರಿ ನೋಡಿ.
ಎಷ್ಟೋ ಸಲ ಅಲ್ಲಿ ಅಂಟಿರೋದು
ಬರೀ ಒಂದು ಪ್ಲಾಸ್ಟಿಕ್ ಚೀಲ.
ದಡದಲ್ಲಿ ನಾವೇ ಎಸೆದದ್ದು!

ಜಾಲರಿ ಚೊಕ್ಕವಾಗಿದೆಯಾ?
ಧಾರೆ ಬರೋ ತೂತಿಗೆ
ಮೆತ್ತಗೆ ತೆಳು ತಂತಿ ಹಾಕಿ.
ಉಪ್ಪು, ಮರಳು ಕಟ್ಟಿರಬಹುದು.

ಆಮೇಲೂ ನೀರು ಬರ್ಲಿಲ್ವಾ?
ಅನುಮಾನ ಇಂಪೆಲ್ಲರ್ ಮೇಲೆ.
ಪಂಪಿನೊಳಗೆ ತಿರುಗೋ ರಬ್ಬರ್ ಚಕ್ರ ಅದು.
ನೀರಿಲ್ಲದೆ ಎಂಜಿನ್ ಓಡಿಸಿದ್ರೆ
ಸ್ವಲ್ಪ ಹೊತ್ತಲ್ಲೇ ಅದರ ರೆಕ್ಕೆಗಳು ಹರಿಯುತ್ತೆ.
ಹೊಸದು ಹಾಕಿಸಿ.
ಹರಿದ ಚೂರುಗಳನ್ನೂ ಹುಡುಕಿ ತೆಗೆಸಿ,
ಇಲ್ಲಾಂದ್ರೆ ಅವೇ ಮುಂದೆ ಹೋಗಿ ದಾರಿ ಕಟ್ಟುತ್ತೆ.

ಧಾರೆ ಜೋರಾಗಿದೆ, ಆದ್ರೂ ಬಿಸಿಯಾ?
ಥರ್ಮೋಸ್ಟಾಟ್ ತೆರೀತಿಲ್ವೇನೋ, ನೋಡಿಸಿ.
ಸ್ನಾನದ ಹಂಡೆ ತಳಕ್ಕೆ
ಬಿಳಿ ಪದರ ಕಟ್ಟುತ್ತಲ್ಲ?
ಎಂಜಿನ್ನಿನ ಸಂದುಗೊಂದಲ್ಲೂ
ಹಾಗೇ ಉಪ್ಪು ಕಟ್ಟುತ್ತೆ.

ಅದಕ್ಕೇ, ದಡಕ್ಕೆ ಬಂದಾಗೆಲ್ಲ
10 ನಿಮಿಷ ಒಳಗೆ ಸಿಹಿನೀರು ಹರಿಸಿ.
ಮೊದಲು ನಲ್ಲಿ ತಿರುಗಿಸಿ,
ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ.