ಅರ್ಧ ಗಂಟೆ ಬೆಂದರೂ ಕಹಿಯಾಗದ ಚಹಾ

ಜಪಾನಿಗೆ ಹೋಗಿಬಂದ ನೆಂಟರೊಬ್ಬರು ಹಸಿರು ಚಹಾದ ಪೊಟ್ಟಣ ತಂದುಕೊಟ್ಟರು. ಹೈದರಾಬಾದಿನ ಅಭ್ಯಾಸ ನೋಡಿ, ಕುದಿಯುವ ನೀರಿಗೆ ಎರಡು ಚಮಚ ಸುರಿದು, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟೆ. ಕುಡಿದರೆ ಬೇವಿನ ಕಷಾಯವೇ ವಾಸಿ! ಕ್ಯೋಟೋ ಪಕ್ಕದ ಪುಟ್ಟ ಊರು ಉಜಿ ಹಸಿರು ಚಹಾಕ್ಕೇ ಹೆಸರಾದದ್ದು. ಅಲ್ಲಿಯ ಉತ್ತಮ ಎಲೆಗೆ ಸುಮಾರು 60 ಡಿಗ್ರಿಯ ನೀರು, ಒಂದೆರಡು ನಿಮಿಷ ಸಾಕು. ನಮ್ಮ ಚಾರ್ಮಿನಾರ್ ಬಳಿಯ ಇರಾನಿ ಹೋಟೆಲುಗಳಲ್ಲಿ ಅದೇ ಜಾತಿಯ ಗಿಡದ ಎಲೆ ಅರ್ಧ ಗಂಟೆ ಒಲೆಯ ಮೇಲೆ ಬೇಯುತ್ತದೆ. ಆದರೂ ಜನ ಚಪ್ಪರಿಸಿ ಕುಡಿಯುತ್ತಾರಲ್ಲ, ಹೇಗೆ?

ಗಿಡ ಒಂದೇ, ಕೊಯ್ದ ಮೇಲೆ ದಾರಿ ಬೇರೆ. ಉಜಿಯಲ್ಲಿ ಎಲೆಗೆ ತಡಮಾಡದೆ ಹಬೆ ಕೊಡುತ್ತಾರೆ. ಒಳಗಿನ ಕಿಣ್ವ ಕೆಲಸ ನಿಲ್ಲಿಸುತ್ತದೆ, ಹಸಿರು ಉಳಿಯುತ್ತದೆ. ಅಸ್ಸಾಮಿನ ಸಿಟಿಸಿ ಕಾರ್ಖಾನೆಯಲ್ಲಿ ಹಲ್ಲಿರುವ ರೋಲರುಗಳು ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಹಾಕುತ್ತವೆ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಹಾಗೆ ಇದೂ ಕಪ್ಪಾಗುತ್ತದೆ. ಬಣ್ಣ, ಕಡಕ್ ರುಚಿ ಹುಟ್ಟುವುದು ಅಲ್ಲೇ. ಇರಾನಿ ಚಹಾಕ್ಕೆ ಬೇಕಾದದ್ದು ಈ ಪುಡಿ. ದುಬಾರಿ ಉದ್ದೆಲೆ ತಂದರೆ ದುಡ್ಡು ದಂಡ.

ಇನ್ನು ಹೋಟೆಲಿನ ಒಲೆ. ಕಣ್ಣಿಟ್ಟು ನೋಡಿದರೆ ಎರಡು ಪಾತ್ರೆ ಕಾಣುತ್ತವೆ. ಒಂದರಲ್ಲಿ ನೀರು, ಚಹಾಪುಡಿ, ಸಕ್ಕರೆ; ಬಾಯಿಗೆ ಬಟ್ಟೆ ಬಿಗಿದೋ ಹಿಟ್ಟು ಮೆತ್ತಿಯೋ ಮುಚ್ಚಳ ಹಾಕಿರುತ್ತಾರೆ. ಇದೇ ದಮ್. ಬಿರಿಯಾನಿಗೆ ಇಡುವ ದಮ್ಮೇ ಇಲ್ಲಿಗೂ ಬಂದಿದೆ ಅನ್ನಿ. ಉರಿ ಸಣ್ಣದು, ಹಬೆ ಒಳಗೇ ತಿರುಗುತ್ತದೆ, ಘಮ ಹೊರಗೆ ಹೋಗುವುದು ಕಡಿಮೆ. ಇನ್ನೊಂದರಲ್ಲಿ ಹಾಲು ಕಾಯುತ್ತಾ ಕಾಯುತ್ತಾ ಗಟ್ಟಿಯಾಗಿ, ಕೆನೆಬಣ್ಣಕ್ಕೆ ತಿರುಗಿ, ಖೋವಾದ ವಾಸನೆ ಹಿಡಿಯುತ್ತದೆ. ಕೆಲವರು ಖೋವಾವನ್ನೇ ಕದಡುತ್ತಾರೆ. ಕಪ್ಪಿನಲ್ಲಿ ಮೊದಲು ಡಿಕಾಕ್ಷನ್, ಮೇಲೆ ಹಾಲು.

ಗುಟ್ಟು ಇರುವುದು ಈ ಹಾಲಿನಲ್ಲೇ. ದಮ್ಮಿನ ಡಿಕಾಕ್ಷನ್ ಒಂದನ್ನೇ ನಾಲಿಗೆಗೆ ಹಚ್ಚಿ ನೋಡಿ, ಹಸಿ ಅಡಿಕೆ ಜಗಿದಷ್ಟು ಒಗರು. ಹಾಲಿನ ಕೇಸೀನ್ ಎಂಬ ಪ್ರೋಟೀನು ಆ ಒಗರಿನ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲು ಬತ್ತಿದಷ್ಟೂ ಪ್ರೋಟೀನು ದಟ್ಟ. ಅದಕ್ಕೇ ಅಷ್ಟು ಕಡಕ್ ಡಿಕಾಕ್ಷನ್ ಅಲ್ಲಿ ದಕ್ಕುತ್ತದೆ. ನೀರುಹಾಲು ಬಳಸಿದರೆ ದಮ್ ಬರೀ ಶಿಕ್ಷೆ.

ಹೆಸರಿನ ಮಾತು ಬಂದರೆ, ಇರಾನಿನಲ್ಲಿ ಚಹಾಕ್ಕೆ ಹಾಲು ಬೆರೆಸುವ ರೂಢಿಯಿಲ್ಲ. ಸಕ್ಕರೆ ಹರಳನ್ನು ಬಾಯಲ್ಲಿಟ್ಟು ಕೆಂಪು ಚಹಾ ಹೀರುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ, ಇಪ್ಪತ್ತರ ಆರಂಭಕ್ಕೆ ಮುಂಬೈ, ಪುಣೆ, ಹೈದರಾಬಾದಿಗೆ ಬಂದು ಹೋಟೆಲಿಟ್ಟವರು ಇರಾನಿಗಳು. ಹಾಲು, ಖೋವಾ ಇಲ್ಲಿನವು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯ ನಮಗೆ ಈ ಚಾ ಪರಊರಿನದು ಅನ್ನಿಸುವುದೇ ಇಲ್ಲ.

ಮನೆಯಲ್ಲಿ ನಾಲ್ಕು ಕಪ್ಪಿಗೆ: ಎರಡೂವರೆ ಕಪ್ ನೀರು, ನಾಲ್ಕು ಚಮಚ ಚಹಾಪುಡಿ, ನಾಲ್ಕು ಚಮಚ ಸಕ್ಕರೆ. ದಪ್ಪ ತಳದ ಪಾತ್ರೆಯಲ್ಲಿ ಒಂದು ಕುದಿ ಬಂದ ಮೇಲೆ ಮುಚ್ಚಳ ಹಾಕಿ, ಅಂಚಿಗೆ ಚಪಾತಿ ಹಿಟ್ಟು ಮೆತ್ತಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ ಇಡಿ. ಮುಚ್ಚಳದ ಮೇಲೆ ಕಲ್ಲು ಹೇರಬೇಡಿ, ಕೊಕ್ಕೆ ಹಾಕಿ ಬಿಗಿಯಬೇಡಿ; ಒತ್ತಡ ಏರಿದರೆ ಹಬೆ ಹಿಟ್ಟನ್ನು ಸೀಳಿಕೊಂಡು ಹೊರಬರಲು ದಾರಿ ಇರಬೇಕು. ಅಷ್ಟರಲ್ಲಿ ಅರ್ಧ ಲೀಟರ್ ಗಟ್ಟಿಹಾಲು, ಜಜ್ಜಿದ ಎರಡು ಏಲಕ್ಕಿ ಇನ್ನೊಂದು ಒಲೆಯಲ್ಲಿ. ತಳ ಹಿಡಿಯದಂತೆ ಕೈಯಾಡಿಸುತ್ತಾ ಮುಕ್ಕಾಲು ಭಾಗಕ್ಕೆ ಇಳಿಸಿ, ಸಕ್ಕರೆಯಿಲ್ಲದ ಖೋವಾ ಎರಡು ಚಮಚ ಕದಡಿ. ಕಪ್ಪಿಗೆ ಅರ್ಧ ಅದು, ಅರ್ಧ ಇದು. ಶುಂಠಿ ಹಾಕಿದರೆ ಒಳ್ಳೆಯ ಚಹಾವೇ, ಆದರೆ ಇರಾನಿ ಅಲ್ಲ.

ಜೊತೆಗೆ ಉಪ್ಪು-ಸಿಹಿಯ ಉಸ್ಮಾನಿಯಾ ಬಿಸ್ಕತ್ತು ಇರಲಿ. ಹೆಸರು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರದು. ಹಿಟ್ಟು ಒಡೆದು ಮುಚ್ಚಳ ತೆಗೆಯುವಾಗ ಮುಖ ಹಿಂದಿರಲಿ, ಹಬೆ ಕಣ್ಣಿಗೇ ರಾಚುತ್ತದೆ.